ಹೊರಡಬೇಕೋ, ಇರಬೇಕೋ: ಟ್ಯಾಂಪಾ ಕಡೆಯ ಮನೆಗಳಿಗೆ ಹರಿಕೇನ್ ಲೆಕ್ಕ

ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್, ಅಂದರೆ ಚಂಡಮಾರುತದ ಕಾಲ. ಮೆಕ್ಸಿಕೋ ಕೊಲ್ಲಿಯಲ್ಲಿ ಒಂದು ಸುಳಿ ಹುಟ್ಟಿತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಬರುವ ಪ್ರಶ್ನೆ, "ಎಷ್ಟನೇ ಕೆಟಗರಿಯಂತೆ?" ಎರಡನೆಯದು, "ನೀವು ಹೊರಡ್ತೀರಾ?" ಎರಡೂ ಪ್ರಶ್ನೆಗಳಿಂದ ನಿಮ್ಮ ಮನೆಯ ಉತ್ತರ ಸಿಗುವುದಿಲ್ಲ. ಕೆಟಗರಿ ಹೇಳುವುದು ಗಾಳಿಯ ವೇಗ ಮಾತ್ರ: ಗಂಟೆಗೆ 74 ಮೈಲಿಗೆ ಒಂದನೆಯದು ಶುರು, 111ಕ್ಕೆ ಮೂರನೆಯದು, 157 ಮುಟ್ಟಿದರೆ ಐದನೆಯದು. ನೀರು ಎಷ್ಟು ಏರುತ್ತದೆ, ಮಳೆ ಎಷ್ಟು ಸುರಿಯುತ್ತದೆ, ಸುಳಿ ಎಷ್ಟು ಅಗಲವಿದೆ ಎಂಬುದು ಆ ಅಂಕಿಯೊಳಗೆ ಇಲ್ಲವೇ ಇಲ್ಲ. ಹರಿಕೇನ್‌ನಲ್ಲಿ ನೇರವಾಗಿ ಸಾಯುವವರಲ್ಲಿ ಬಹುಪಾಲು ಜನ ಸಾಯುವುದು ನೀರಿನಿಂದ. ಇನ್ನು ಪಕ್ಕದ ಮನೆಯವರು ಹೊರಡುತ್ತಾರೋ ಇಲ್ಲವೋ ಎನ್ನುವುದು ಅವರ ನೆಲದ ಎತ್ತರ, ಅವರ ಛಾವಣಿ, ಅವರ ಮನೆಯ ಅಜ್ಜಿಯ ಆರೋಗ್ಯಕ್ಕೆ ಸೇರಿದ ಮಾತು.

ಮೊದಲು ನೋಡಬೇಕಾದದ್ದು ನಿಮ್ಮ ಇವ್ಯಾಕ್ಯುಯೇಷನ್ ಝೋನ್, ಅಂದರೆ ಜನರನ್ನು ತೆರವು ಮಾಡಿಸುವ ವಲಯ. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಎ, ಬಿ, ಸಿ, ಡಿ, ಇ ಎಂದು ಒಂದು ಅಕ್ಷರ ಬರುತ್ತದೆ, ಇಲ್ಲವೇ ಯಾವ ಝೋನೂ ಅಲ್ಲ ಎಂದು ಬರುತ್ತದೆ. ಎ ಎಂದರೆ ಎಲ್ಲರಿಗಿಂತ ಮೊದಲು ಮುಳುಗುವ ಜಾಗ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಮನೆ ಕೊಳ್ಳುವಾಗ ಬ್ಯಾಂಕಿನವರು ತೋರಿಸಿದ ಫ್ಲಡ್ ಝೋನ್ ಬೇರೆ, ಇದು ಬೇರೆ. ಎಇ, ವಿಇ, ಎಕ್ಸ್ ಎಂದು ಬರೆದಿರುವುದು ಫೆಮಾದ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ವಿಮೆ ನಕ್ಷೆ. ಇವ್ಯಾಕ್ಯುಯೇಷನ್ ಝೋನ್ ಲೆಕ್ಕ ಹಾಕಿರುವುದು ಸ್ಟಾರ್ಮ್ ಸರ್ಜ್ ಮೇಲೆ, ಅಂದರೆ ಗಾಳಿ ದಬ್ಬಿಕೊಂಡು ನೆಲದ ಮೇಲೆ ಏರಿಸುವ ಕಡಲ ನೀರಿನ ಮೇಲೆ. "ನಮ್ಮದು ಎಕ್ಸ್, ನಮಗೆ ಫ್ಲಡ್ ಇನ್ಶೂರೆನ್ಸೇ ಬೇಕಿಲ್ಲ" ಎನ್ನುವ ಮನೆ ಇವ್ಯಾಕ್ಯುಯೇಷನ್ ಝೋನ್ ಬಿಯಲ್ಲೋ ಸಿಯಲ್ಲೋ ಇರಬಹುದು. ಎರಡನ್ನೂ ಬೇರೆಬೇರೆ ನೋಡಿ, ಅಕ್ಷರವನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಟ್ಯಾಂಪಾ ಬೇ ಆಳವಿಲ್ಲದ ಕೊಲ್ಲಿ. ಅದರ ಹೊರಗೆ ಕಡಲ ತಳವೂ ಬಹಳ ದೂರದವರೆಗೆ ಆಳವಿಲ್ಲದೆ ಚಾಚಿಕೊಂಡಿದೆ. ಗಾಳಿ ದಬ್ಬಿದ ನೀರಿಗೆ ಕೆಳಗೆ ಇಳಿಯಲು ಜಾಗವಿಲ್ಲದೆ ಅದು ದಡ ಹತ್ತುತ್ತದೆ. ಉತ್ತರಾರ್ಧ ಗೋಳದಲ್ಲಿ ಈ ಸುಳಿಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತವೆ. ಹಾಗಾಗಿ ಪಶ್ಚಿಮದಿಂದ ಬರುವ ಸುಳಿಯ ಕಣ್ಣು ಕೊಲ್ಲಿಯ ಬಾಯಿಗೆ ಉತ್ತರದಲ್ಲಿ ನೆಲ ಮುಟ್ಟಿದರೆ ಗಾಳಿ ನೀರನ್ನು ಒಳಗೆ ತುಂಬುತ್ತದೆ. ದಕ್ಷಿಣದಲ್ಲಿ ಮುಟ್ಟಿದರೆ ಕೊಲ್ಲಿಯ ನೀರನ್ನು ಹೊರಗೆ ಎಳೆದುಬಿಡುತ್ತದೆ. 2024ರ ಅಕ್ಟೋಬರ್ 9ರಂದು ಮಿಲ್ಟನ್ ಎಂಬ ಹರಿಕೇನ್ ದಕ್ಷಿಣದ ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿತು, ಟ್ಯಾಂಪಾದಲ್ಲಿ ಕೊಲ್ಲಿ ಹಿಂದೆ ಸರಿಯಿತು. ಅದಕ್ಕೆ ಎರಡು ವಾರ ಮುಂಚೆ ಹೆಲೀನ್ ಟ್ಯಾಂಪಾಕ್ಕೆ ಬಡಿಯಲೇ ಇಲ್ಲ. ನೂರಕ್ಕೂ ಹೆಚ್ಚು ಮೈಲಿ ಆಚೆ ಕಡಲಲ್ಲೇ ಹಾದು ಉತ್ತರದ ಬಿಗ್ ಬೆಂಡ್ ತೀರಕ್ಕೆ ಹೋಯಿತು. ಆದರೂ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೀರು 6 ಅಡಿಗೂ ಮೀರಿ ಏರಿತು, ಪಿನೆಲಾಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. "ಅದು ನಮ್ಮ ಕಡೆ ಬರುತ್ತಿಲ್ಲವಲ್ಲ" ಎನ್ನುವ ಸಮಾಧಾನ ಎಷ್ಟು ಅಪಾಯದ್ದೆಂದು ಹೆಲೀನ್ ತೋರಿಸಿತು. ಮಿಲ್ಟನ್ ನೋಡಿ "ಸುಮ್ಮನೆ ಓಡಿದೆವು" ಅಂದುಕೊಂಡವರು ನೆನಪಿಡಬೇಕಾದದ್ದು ಇಷ್ಟೇ: ಕಣ್ಣು ಸ್ವಲ್ಪ ಉತ್ತರಕ್ಕೆ ಸರಿದಿದ್ದರೆ ಅದೇ ಗಾಳಿ ಅದೇ ನೀರನ್ನು ಒಳಗೆ ತರುತ್ತಿತ್ತು. ಯಾವ ಕಡೆ ಸರಿಯುತ್ತದೆ ಎಂಬುದು ಖಚಿತವಾಗುವ ಹೊತ್ತಿಗೆ ಸೇತುವೆಗಳು ಮುಚ್ಚಿರುತ್ತವೆ.

ಸುಳಿ ಸಾಗಬಹುದಾದ ದಾರಿಯೆಂದು ಟಿವಿಯಲ್ಲಿ ತೋರಿಸುವ ಆ ಬಿಳಿ ಕೋನ್ ಬಗ್ಗೆಯೂ ಹೇಳಬೇಕು. ಅದು ಸುಳಿಯ ಅಗಲವಲ್ಲ, ಹಾನಿಯ ಗಡಿಯೂ ಅಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆ ಎಷ್ಟು ತಪ್ಪಿತ್ತು ಎಂದು ಅಳೆದು, ಸುಳಿಯ ನಡುಬಿಂದು ಮೂರರಲ್ಲಿ ಎರಡು ಸಲ ಇದರೊಳಗೆ ಇರುತ್ತದೆ ಎಂದು ಎಳೆದ ಗೆರೆ. ಅಂದರೆ ಮೂರರಲ್ಲಿ ಒಂದು ಸಲ ನಡುಬಿಂದುವೇ ಹೊರಗೆ ಹೋಗುತ್ತದೆ. 2022ರಲ್ಲಿ ಇಯನ್ ಬಂದಾಗ ಎಲ್ಲರ ಕಣ್ಣು ಟ್ಯಾಂಪಾ ಮೇಲಿತ್ತು. ಫೋರ್ಟ್ ಮಾಯರ್ಸ್ ಕೋನ್‌ನ ಅಂಚಿನಲ್ಲಿತ್ತು. ಸೆಪ್ಟೆಂಬರ್ 28ರಂದು ಸುಳಿ ಅದರ ಹತ್ತಿರದ ಕಾಯೋ ಕೋಸ್ಟಾ ದ್ವೀಪದಲ್ಲಿ ನೆಲ ಮುಟ್ಟಿತು; ಫೋರ್ಟ್ ಮಾಯರ್ಸ್ ಬೀಚಿನಲ್ಲಿ ನೀರು ಹತ್ತು ಅಡಿ ದಾಟಿತು.

ಹಾಗಾದರೆ ಏನು ನೋಡಬೇಕು? ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ದಿನಕ್ಕೆ ನಾಲ್ಕು ಸಲ, ಬೆಳಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಪೂರ್ಣ ಸೂಚನೆ ಹೊರಡಿಸುತ್ತದೆ. ಅದರಲ್ಲಿ ಎರಡು ಚಿತ್ರ ಸಾಕು. ಒಂದು ಪೀಕ್ ಸ್ಟಾರ್ಮ್ ಸರ್ಜ್: ನಿಮ್ಮ ತೀರಕ್ಕೆ ಎಷ್ಟು ಅಡಿ ಎಂದು ಬರೆದಿರುತ್ತದೆ. ಆ ಅಡಿ ಕಡಲ ಮಟ್ಟದಿಂದ ಅಳೆದದ್ದಲ್ಲ, ಸಾಧಾರಣವಾಗಿ ಒಣಗಿರುವ ನೆಲದ ಮೇಲೆ ನೀರು ಎಷ್ಟು ನಿಲ್ಲುತ್ತದೆ ಎಂಬ ಲೆಕ್ಕ. ಆರು ಅಡಿ ಎಂದರೆ ಆಳೆತ್ತರ. ಒಂದು ಘನ ಗಜ ನೀರು ಸುಮಾರು 1,700 ಪೌಂಡ್ ತೂಗುತ್ತದೆ; ಅದು ಅಲೆಯಾಗಿ ಬಡಿದರೆ ಗ್ಯಾರೇಜ್ ಬಾಗಿಲು, ಗಾಜಿನ ಸ್ಲೈಡಿಂಗ್ ಬಾಗಿಲು ತಡೆಯುವುದಿಲ್ಲ. ಇನ್ನೊಂದು ಚಿತ್ರ, ಗಂಟೆಗೆ 39 ಮೈಲಿ ಗಾಳಿ ನಿಮ್ಮಲ್ಲಿಗೆ ಯಾವಾಗ ಮುಟ್ಟುತ್ತದೆ ಎಂಬುದು. ಇದರಲ್ಲಿ ಎರಡು ಬಗೆ ಇದೆ: ಹೆಚ್ಚು ಸಂಭವನೀಯ ಹೊತ್ತು, ಮತ್ತು ಬೇಗ ಎಂದರೆ ಎಷ್ಟು ಬೇಗ ಎಂಬ ಹೊತ್ತು. ಎರಡನೆಯದನ್ನೇ ಹಿಡಿಯಿರಿ. ಮೊದಲನೆಯದನ್ನು ನಂಬಿದರೆ ಎರಡರಲ್ಲಿ ಒಂದು ಸಲ ಗಾಳಿ ನಿಮಗಿಂತ ಮುಂಚೆ ಬಂದಿರುತ್ತದೆ.

ಈಗ ಹಿಂದಕ್ಕೆ ಎಣಿಸೋಣ. ಗಾಳಿ ಬುಧವಾರ ಬೆಳಗ್ಗೆ 8ಕ್ಕೆ ಮುಟ್ಟಬಹುದು ಅಂದುಕೊಳ್ಳಿ. ಸನ್‌ಶೈನ್ ಸ್ಕೈವೇ ಸೇತುವೆಯನ್ನು ಗಾಳಿ ಸತತ 40 ಮೈಲಿ ತಲುಪಿದಾಗ ಮುಚ್ಚುತ್ತಾರೆ. ಆಂಬುಲೆನ್ಸ್, ಅಗ್ನಿಶಾಮಕದವರು ರಸ್ತೆಗಿಳಿಯುವುದೂ ಹೆಚ್ಚುಕಡಿಮೆ ಅದೇ ವೇಗಕ್ಕೆ ನಿಲ್ಲುತ್ತದೆ. ಅದಕ್ಕೆ ಆರು ಗಂಟೆ ಮೊದಲು ನೀವು ಇನ್ನೊಂದು ಚಾವಣಿಯ ಕೆಳಗೆ ಇರಬೇಕು, ಅಂದರೆ ರಾತ್ರಿ 2. ಮಳೆಯ ಪಟ್ಟೆಗಳು ಆಗಲೇ ಬಂದಿರುತ್ತವೆ, ಕತ್ತಲಲ್ಲಿ ರಸ್ತೆಯ ಮೇಲಿನ ನೀರಿನ ಆಳ ಕಾಣುವುದಿಲ್ಲ. ಆದ್ದರಿಂದ ಮಂಗಳವಾರ ಸೂರ್ಯ ಮುಳುಗುವ ಮುನ್ನ ಪ್ರಯಾಣ ಮುಗಿಯಬೇಕು. ಒರ್ಲಾಂಡೋಗೆ ಮಾಮೂಲಿ ದಿನ ಒಂದೂವರೆ ಗಂಟೆ. ಇವತ್ತು ಅದರ ಮೂರರಷ್ಟು ಹಿಡಿಯಿರಿ. ಮಧ್ಯಾಹ್ನ 1ಕ್ಕೆ ಕಾರು ಹೊರಡಬೇಕು. ಕಿಟಕಿ ಮುಚ್ಚಲು, ಅಂಗಳದ ಸಾಮಾನು ಒಳಗಿಡಲು, ಕಾರು ತುಂಬಲು ಆರು ಗಂಟೆ ಬೇಕೇ ಬೇಕು. ಅಲ್ಲಿಗೆ ಮಂಗಳವಾರ ಬೆಳಗ್ಗೆ 7. ಆದ್ದರಿಂದ ನಿರ್ಧಾರ ಆಗಬೇಕಾದದ್ದು ಸೋಮವಾರ ರಾತ್ರಿ 11ರ ಸೂಚನೆ ಓದಿದ ಕೂಡಲೇ. "ನಾಳೆ ಬೆಳಗ್ಗೆ ನೋಡೋಣ" ಎಂದು ಮಲಗಿದವರೇ ಮಂಗಳವಾರ ಸಂಜೆ ಐ-4 ಹೆದ್ದಾರಿಯಲ್ಲಿ ನಿಂತಿರುವವರು. ಹರಿಕೇನ್ ವಾಚ್ (ಬರಬಹುದು ಎಂಬ ಸೂಚನೆ) ಬರುವುದು ಗಾಳಿಗೆ 48 ಗಂಟೆ ಮುಂಚೆ, ವಾರ್ನಿಂಗ್ (ಬರುವ ನಿರೀಕ್ಷೆಯಿದೆ ಎಂಬ ಎಚ್ಚರಿಕೆ) 36 ಗಂಟೆ ಮುಂಚೆ. ವಾಚ್ ಬಂದ ದಿನ ಪೆಟ್ರೋಲು, ಔಷಧಿ, ನಗದು. ವಾರ್ನಿಂಗ್ ಬಂದ ರಾತ್ರಿ ನಿರ್ಧಾರ. ಕೌಂಟಿಯವರು ನಿಮ್ಮ ಝೋನಿಗೆ ಆಜ್ಞೆ ಹೊರಡಿಸಿದರೆ ಈ ಲೆಕ್ಕವೂ ಬೇಡ, ಹೊರಡಿ. ಆಜ್ಞೆ ಮ್ಯಾಂಡೇಟರಿ (ಕಡ್ಡಾಯ) ಎಂದರೆ ಯಾರೋ ಬಾಗಿಲು ಒಡೆದು ಎಳೆದೊಯ್ಯುತ್ತಾರೆ ಎಂದಲ್ಲ. ಉಳಿದರೆ ಕರೆ ಮಾಡಿದಾಗ ಯಾರೂ ಬರಲಾಗದು ಎಂದು ಅದರ ಅರ್ಥ.

ಕೆಲವರಿಗೆ ನಿರ್ಧಾರವೇ ಇಲ್ಲ, ಹೊರಡುವುದೊಂದೇ ದಾರಿ. ಮೊಬೈಲ್ ಹೋಮ್‌ನಲ್ಲಿರುವವರು, ಯಾವ ಝೋನ್ ಆದರೂ ಸರಿ. ಆಕ್ಸಿಜನ್, ಡಯಾಲಿಸಿಸ್, ವಿದ್ಯುತ್ತಿನಿಂದ ನಡೆಯುವ ಯಾವುದೇ ಯಂತ್ರ ನಂಬಿರುವವರು. ತುಂಬು ಗರ್ಭಿಣಿಯರು. ಕೌಂಟಿಯ ಸ್ಪೆಷಲ್ ನೀಡ್ಸ್ ಶೆಲ್ಟರ್‌ಗೆ ಹೆಸರು ಮೊದಲೇ ನೋಂದಾಯಿಸಿರಬೇಕು, ಬಿರುಗಾಳಿಯ ಹಿಂದಿನ ದಿನ ಆಗುವ ಕೆಲಸವಲ್ಲ ಅದು.

ಎಲ್ಲಿಗೆ ಹೋಗುವುದು ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ನೂರಾರು ಮೈಲಿ ಬೇಡ, ಹತ್ತಾರು ಮೈಲಿ ಸಾಕು. ನೀರಿನಿಂದ ಓಡಬೇಕು, ಗಾಳಿಗೆ ಮರೆಯಾಗಬೇಕು. ಝೋನ್ ಇಲ್ಲದ ಎತ್ತರದ ಜಾಗದಲ್ಲಿ ಗಟ್ಟಿ ಮನೆಯಿರುವ ಸ್ನೇಹಿತರು ಅದೇ ಕೌಂಟಿಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಜೂನ್‌ನಲ್ಲೇ ಮಾತಾಡಿಕೊಳ್ಳಿ, ಕನ್ನಡ ಕೂಟದ ಮನೆಗಳು ಇಂಥ ಜೋಡಿ ಕಟ್ಟಿಕೊಳ್ಳುವುದು ಯುಗಾದಿ ಊಟದಷ್ಟೇ ಸುಲಭ. 2017ರ ಇರ್ಮಾ ಸಮಯದಲ್ಲಿ ಫ್ಲಾರಿಡಾದಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಮೊದಲು ಮಯಾಮಿ ಕಡೆ ತೋರಿಸಿದ್ದ ದಾರಿ ಆಮೇಲೆ ಪಶ್ಚಿಮ ತೀರಕ್ಕೆ ಹೊರಳಿತು. ಪೂರ್ವದಿಂದ ಪಶ್ಚಿಮಕ್ಕೆ ಓಡಿದ್ದವರ ಬೆನ್ನಿಗೇ ಸುಳಿಯೂ ಬಂದಂತಾಯಿತು. ದೂರವೇ ಹೋಗಬೇಕಾದರೆ ಐ-75 ಹೆದ್ದಾರಿ ಹಿಡಿಯುವ ಮೊದಲು ವೈಲ್ಡ್‌ವುಡ್ ಬಳಿ ಟರ್ನ್‌ಪೈಕ್ (ಸುಂಕದ ಹೆದ್ದಾರಿ) ಬಂದು ಕೂಡುವ ಜಾಗ ನೆನಪಿರಲಿ, ಉತ್ತರಕ್ಕೆ ಹೋಗುವ ಎಲ್ಲರೂ ಅಲ್ಲಿ ಸೇರುತ್ತಾರೆ. ಸರ್ಕಾರ ರಸ್ತೆಯ ಅಂಚಿನ ಶೋಲ್ಡರನ್ನು ಸಂಚಾರಕ್ಕೆ ತೆರೆದರೂ ಕಾರುಗಳು ತೆವಳುತ್ತವೆ.

ಟೆಕ್ಸಾಸ್‌ನ ಹ್ಯೂಸ್ಟನ್ ಕಡೆಯವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2005ರಲ್ಲಿ ರೀಟಾ ಬರುವಾಗ ಕತ್ರಿನಾ ಆಗಿ ತಿಂಗಳೂ ಕಳೆದಿರಲಿಲ್ಲ. ಹೆದರಿದ ಜನ, ಝೋನಿನಲ್ಲಿ ಇಲ್ಲದವರು ಕೂಡ, ಒಟ್ಟಿಗೆ ರಸ್ತೆಗಿಳಿದರು. ಸೆಕೆಯಲ್ಲಿ, ಪೆಟ್ರೋಲು ಮುಗಿದು, ಹೆದ್ದಾರಿಯ ಮೇಲೆಯೇ ಹಲವರು ಸತ್ತರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ 23 ಮಂದಿ ತೀರಿಕೊಂಡರು. ಅಲ್ಲಿ ಝೋನ್‌ಗಳು ಪಿನ್‌ಕೋಡ್‌ನಂಥ ಝಿಪ್ ಕೋಡ್ ಲೆಕ್ಕದಲ್ಲಿವೆ. ಕಡಲಂಚಿನ ಗಾಲ್ವೆಸ್ಟನ್ ಕಡೆಯವರು ಹೊರಡಬೇಕು, ಒಳನಾಡಿನ ಕೇಟಿಯವರು ಅವರಿಗೆ ರಸ್ತೆ ಬಿಡಬೇಕು. ಆದರೆ ಒಳನಾಡಿಗೂ ನೀರು ಬರುತ್ತದೆ: 2017ರ ಹಾರ್ವಿಯಲ್ಲಿ ಮಳೆಯಿಂದ ಬಾರ್ಕರ್ ಮತ್ತು ಆಡಿಕ್ಸ್ ಜಲಾಶಯಗಳು ತುಂಬಿ, ಹಿನ್ನೀರು ಸುತ್ತಲಿನ ಬಡಾವಣೆಗಳಿಗೆ ನುಗ್ಗಿತು. ಅಲ್ಲಿ ಮನೆ ಕೊಂಡವರು ಜಲಾಶಯದ ಹಿನ್ನೀರು ಎಲ್ಲಿಯವರೆಗೆ ಬರಬಹುದು ಎಂಬ ನಕ್ಷೆಯನ್ನು ನೋಡಿಟ್ಟುಕೊಳ್ಳಲೇಬೇಕು.

ಇನ್ನು ಉಳಿಯುವವರ ವಿಷಯ. ಝೋನ್ ಇಲ್ಲ, ಅಥವಾ ಆಜ್ಞೆ ಬರದ ಝೋನ್. ಕಾಂಕ್ರೀಟ್ ಬ್ಲಾಕ್ ಗೋಡೆ. ಊರಿನಿಂದ ಬಂದ ಅಪ್ಪ ಅಮ್ಮ ಮನೆ ನೋಡಿ "ಇಷ್ಟು ಗಟ್ಟಿಯಾಗಿದೆಯಲ್ಲ" ಎಂದಾರು. ಗೋಡೆ ಗಟ್ಟಿ, ಆದರೆ ಮೇಲಿರುವುದು ನಮ್ಮೂರ ಆರ್‌ಸಿಸಿ ತಾರಸಿಯಲ್ಲ. ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಶಿಂಗಲ್ ಎಂಬ ತೆಳು ಹೊದಿಕೆ. 1992ರ ಆಂಡ್ರೂ ನಂತರ ನಿಯಮ ಬಿಗಿಯಾಗಿ, ರಾಜ್ಯಕ್ಕೆಲ್ಲ ಒಂದೇ ಕಟ್ಟಡ ಸಂಹಿತೆ 2002ರಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಳೆಯ ಮನೆಯಾದರೆ ಛಾವಣಿಯ ಮರವನ್ನು ಗೋಡೆಗೆ ಬಿಗಿದ ಲೋಹದ ಪಟ್ಟಿಗಳು ಇವೆಯೇ ಎಂದು ಅಟ್ಟ ಹತ್ತಿ ನೋಡಿಸಿ. ಮನೆ ಒಡೆಯುವುದು ಸಾಮಾನ್ಯವಾಗಿ ಹೀಗೆ: ಗ್ಯಾರೇಜ್ ಬಾಗಿಲೋ ದೊಡ್ಡ ಕಿಟಕಿಯೋ ಮೊದಲು ಒಳಕ್ಕೆ ಬೀಳುತ್ತದೆ, ಗಾಳಿ ಒಳಗೆ ನುಗ್ಗಿ ಛಾವಣಿಯನ್ನು ಕೆಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಅದಕ್ಕೇ ಒತ್ತಡ ಸಮವಾಗಲಿ ಎಂದು ಕಿಟಕಿ ತೆರೆದಿಡುವುದು ಶುದ್ಧ ತಪ್ಪು. ಗಾಜಿಗೆ ಟೇಪ್ ಅಂಟಿಸುವುದರಿಂದಲೂ ಏನೂ ಆಗದು, ಒಡೆದಾಗ ಚೂರುಗಳು ಇನ್ನೂ ದೊಡ್ಡವಾಗಿ ಹಾರುತ್ತವೆ. ಶಟರ್ ಇಲ್ಲದಿದ್ದರೆ 5/8 ಇಂಚು ದಪ್ಪದ ಪ್ಲೈವುಡ್. ಅದನ್ನು ಬೇಸಿಗೆಯಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಯಾವ ಕಿಟಕಿಯದು ಎಂದು ಬರೆದಿಡಿ. ವಾರ್ನಿಂಗ್ ಬಂದ ದಿನ ಅಂಗಡಿಯಲ್ಲಿ ಹಲಗೆ ಸಿಗುವುದಿಲ್ಲ.

ಅಂಗಳದ ಕುರ್ಚಿ, ತುಳಸಿ ಕುಂಡ, ಮಕ್ಕಳ ಸೈಕಲ್, ಎಲ್ಲವೂ ಒಳಗೆ. ಗ್ರಿಲ್‌ನ ಪ್ರೊಪೇನ್ ಸಿಲಿಂಡರ್ ಮಾತ್ರ ಒಳಗೆ ಬೇಡ, ಹೊರಗೆ ಕಟ್ಟಿಡಿ. ಈಜುಕೊಳ ಖಾಲಿ ಮಾಡಬೇಡಿ. ನೆಲದ ನೀರು ಏರಿದಾಗ ಬರಿದಾದ ತೊಟ್ಟಿ ಮೇಲಕ್ಕೆ ಎದ್ದುಬಿಡುತ್ತದೆ. ಕುಡಿಯಲು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಏಳು ದಿನಕ್ಕೆ ನಾಲ್ವರ ಮನೆಗೆ 28 ಗ್ಯಾಲನ್. ಟಾಯ್ಲೆಟ್‌ಗೆ ಬಾತ್‌ಟಬ್ ತುಂಬಿಸಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಒಂದು ತೊಂದರೆ, ಒಂದು ಅನುಕೂಲ. ಇಲ್ಲಿ ಹೆಚ್ಚಿನ ಮನೆಗಳ ಒಲೆ ಕರೆಂಟಿನದು, ಅಕ್ಕಿ ಬೇಳೆ ಎಷ್ಟಿದ್ದರೂ ಬೇಯುವುದಿಲ್ಲ. ಅವಲಕ್ಕಿ ತಣ್ಣೀರಿನಲ್ಲೇ ನೆನೆಯುತ್ತದೆ. ಚಟ್ನಿಪುಡಿ, ಹುರಿಗಡಲೆ, ಕಡಲೆಬೀಜ, ಹುರಿಹಿಟ್ಟು, ಬೆಲ್ಲ ಕೆಡುವುದಿಲ್ಲ. ಶೆಲ್ಟರ್‌ಗೆ ಹೋಗುವವರೂ ಇದನ್ನೇ ಒಯ್ಯಿರಿ, ಅಲ್ಲಿ ಸಸ್ಯಾಹಾರ ಸಿಕ್ಕೀತೆಂಬ ಭರವಸೆ ಬೇಡ. ಹೊದಿಕೆ ದಿಂಬನ್ನೂ ನೀವೇ ಒಯ್ಯಬೇಕು, ಒಬ್ಬರಿಗೆ ಸಿಗುವ ಜಾಗ ಒಂದು ಚಾಪೆಯಷ್ಟೇ. ಕರೆಂಟು ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ಹೊರಡುವವರು ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿಮಾಡಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ, ಎಸೆಯಿರಿ.

ಗಾಳಿ ಜೋರಾದಾಗ ಕಿಟಕಿಯಿಲ್ಲದ ಒಳಕೋಣೆ, ಬಚ್ಚಲು ಅಥವಾ ಕ್ಲಾಸೆಟ್. ಸುಳಿಯ ಕಣ್ಣು ಮೇಲೆ ಬಂದರೆ ಒಮ್ಮೆಲೇ ಎಲ್ಲ ಶಾಂತವಾಗುತ್ತದೆ. ಹೊರಗೆ ಹೋಗಬೇಡಿ, ಇನ್ನರ್ಧ ಎದುರು ದಿಕ್ಕಿನಿಂದ ಬರುತ್ತದೆ. ಸುಂಟರಗಾಳಿಗೂ ಸಿದ್ಧವಿರಿ: ಮಿಲ್ಟನ್ ಪಶ್ಚಿಮ ತೀರಕ್ಕೆ ಬರುವ ಮೊದಲೇ ಪೂರ್ವ ತೀರದ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಆರು ಮಂದಿ ಸತ್ತರು. ಫೋನಿನ ತುರ್ತು ಎಚ್ಚರಿಕೆ ರಾತ್ರಿ ಬಂದ್ ಆಗಿರಬಾರದು.

ಬಿರುಗಾಳಿ ದಾಟಿದ ಮೇಲೆ ಸಾಯುವವರೂ ಬಹಳ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಅದರ ಹೊಗೆಕೊಳವೆ ಕಿಟಕಿಗೆ ಬೆನ್ನು ಮಾಡಿರಲಿ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. 2020ರ ಲಾರಾ ಬಂದಾಗ ಲೂಸಿಯಾನಾದಲ್ಲಿ ಒಂದೇ ಮನೆಯ ಹಲವರು ಹೀಗೆ ಸತ್ತರು. ಸೆಕೆಯೂ ಕೊಲ್ಲುತ್ತದೆ. 2024ರ ಜುಲೈನಲ್ಲಿ ಬೆರಿಲ್ ಟೆಕ್ಸಾಸ್ ಮುಟ್ಟಿದಾಗ ಬರೀ ಒಂದನೇ ಕೆಟಗರಿ, ಆದರೆ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟು ಹೋಯಿತು, ಕೆಲವರಿಗೆ ವಾರಕ್ಕೂ ಮೀರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬಿರುಗಾಳಿಗೆ ಉಳಿದವರೂ ಕರೆಂಟು ಹೋದ ಎರಡನೇ ದಿನ ಎಸಿಯಿರುವ ಕಡೆ ಹೊರಡಬೇಕು. ಇದನ್ನು ಎರಡನೇ ನಿರ್ಧಾರ ಅಂದುಕೊಂಡು ಮೊದಲೇ ಜಾಗ ಗೊತ್ತುಮಾಡಿ.

ಔಷಧಿ: ಫ್ಲಾರಿಡಾದಲ್ಲಿ ಹರಿಕೇನ್ ವಾರ್ನಿಂಗ್ ಅಥವಾ ತುರ್ತು ಪರಿಸ್ಥಿತಿ ಘೋಷಣೆಯಾದರೆ 30 ದಿನದ ಔಷಧಿಯನ್ನು ಅವಧಿಗೆ ಮುಂಚೆಯೇ ತೆಗೆದುಕೊಳ್ಳಲು ವಿಮೆ ಒಪ್ಪಲೇಬೇಕು. ಊರಿನಿಂದ ಅಪ್ಪ ಅಮ್ಮ ತಂದ ಬಿಪಿ, ಸಕ್ಕರೆ ಮಾತ್ರೆಗೆ ಇದು ಆಗದು. ಅವರ ಡಬ್ಬಿ ಮೊದಲು ಕಾರಿಗೆ. ತೆರೆದ ಇನ್ಸುಲಿನ್ ಹಲವು ಬಗೆಯವು 86 ಡಿಗ್ರಿ ಫ್ಯಾರನ್‌ಹೀಟ್ ಒಳಗೆ 28 ದಿನ ಇರುತ್ತವೆ, ನಿಮ್ಮದರ ಚೀಟಿ ಓದಿಕೊಳ್ಳಿ.

ಕಾಗದಪತ್ರ: ಪಾಸ್‌ಪೋರ್ಟ್‌ಗಳು, ವಲಸೆ ಕಾಗದಗಳಾದ ಐ-797, ಐ-94ರ ಪ್ರತಿ, ಗ್ರೀನ್ ಕಾರ್ಡ್, ಮದುವೆ ಪ್ರಮಾಣಪತ್ರ, ಮನೆಯ ಅಥವಾ ಬಾಡಿಗೆಯ ಕರಾರು, ವಿಮೆಯ ಮೊದಲ ಪುಟ. ಎಲ್ಲ ಒಂದು ಜಿಪ್‌ಲಾಕ್ ಚೀಲದಲ್ಲಿ. ವಿಳಾಸವಿರುವ ಗುರುತಿನ ಚೀಟಿ ಇಲ್ಲದಿದ್ದರೆ ಆಮೇಲೆ ನಿಮ್ಮ ಬೀದಿಗೇ ಬಿಡದಿರಬಹುದು.

ಹಣದ ವಿಷಯ ಕಹಿ, ಆದರೆ ಮೊದಲೇ ತಿಳಿದಿರಬೇಕು. ಸಾಮಾನ್ಯ ಮನೆ ವಿಮೆ, ಬಾಡಿಗೆದಾರರ ವಿಮೆ ಎರಡೂ ಪ್ರವಾಹಕ್ಕೆ ಕೊಡುವುದಿಲ್ಲ. ಸರ್ಕಾರದ ಫ್ಲಡ್ ಇನ್ಶೂರೆನ್ಸ್ ಕೊಂಡರೆ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿ. ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಗಾಳಿಯ ಹಾನಿಗೆ ಹರಿಕೇನ್ ಡಿಡಕ್ಟಿಬಲ್ (ವಿಮೆ ಕೊಡುವ ಮೊದಲು ನೀವೇ ಭರಿಸಬೇಕಾದ ಪಾಲು) ಬೇರೆ ಇರುತ್ತದೆ, ಸಾಮಾನ್ಯವಾಗಿ ಶೇಕಡಾ 2, 5 ಅಥವಾ 10. ಅದು ಹಾನಿಯ ಶೇಕಡಾ ಅಲ್ಲ, ಮನೆಯ ವಿಮೆ ಮೊತ್ತದ ಶೇಕಡಾ. 4,00,000 ಡಾಲರಿನ ಮನೆಗೆ ಶೇಕಡಾ 2 ಎಂದರೆ ಮೊದಲ 8,000 ನಿಮ್ಮದೇ. ಫೆಮಾದ ನಗದು ಸಹಾಯಕ್ಕೆ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರು ಅರ್ಹರಲ್ಲ. ಮನೆಯಲ್ಲಿ ಇಲ್ಲಿ ಹುಟ್ಟಿದ ಅಮೆರಿಕನ್ ಪ್ರಜೆಯಾದ ಮಗುವಿದ್ದರೆ ಆ ಮಗುವಿನ ಹೆಸರಿನಲ್ಲಿ ತಂದೆ ತಾಯಿ ಅರ್ಜಿ ಹಾಕಬಹುದು. ಬಹಳ ಮನೆಗಳು ಇದು ಗೊತ್ತಿಲ್ಲದೆ ಸುಮ್ಮನಾಗುತ್ತವೆ.

ವಿದ್ಯುತ್ ಕಾರು ಇದ್ದರೆ ಅದನ್ನು ತಗ್ಗಿನ ಗ್ಯಾರೇಜಿನಲ್ಲಿ ಬಿಟ್ಟು ಹೋಗಬೇಡಿ. ಇಯನ್ ಮತ್ತು ಹೆಲೀನ್ ನಂತರ ಉಪ್ಪುನೀರು ಕುಡಿದ ಬ್ಯಾಟರಿಗಳಿಗೆ ಬೆಂಕಿ ಹತ್ತಿದ್ದುಂಟು, ಕೆಲವಕ್ಕೆ ದಿನಗಳ ಮೇಲೆ. ನೀರು ನಿಂತಿದ್ದ ಕಾರನ್ನು ಮನೆಯಿಂದ ದೂರ ಎಳೆಸಿ, ಚಾರ್ಜಿಗೆ ಹಾಕಬೇಡಿ.

ಬೀಗ ಹಾಕುವ ಮುನ್ನ ಫೋನಿನಲ್ಲಿ ಪ್ರತಿ ಕೋಣೆಯ ವೀಡಿಯೊ ತೆಗೆಯಿರಿ, ಕಪಾಟುಗಳ ಬಾಗಿಲು ತೆರೆದು, ಫ್ರಿಜ್ ಟಿವಿಗಳ ಹಿಂಬದಿಯ ಸಂಖ್ಯೆ ಕಾಣುವ ಹಾಗೆ. ನೀರು ಬರುವ ಸಂಭವವಿದ್ದರೆ ಮೇನ್ ಬ್ರೇಕರ್ ಆರಿಸಿ. ಊರಲ್ಲಿರುವವರಿಗೆ ಹೊರಡುವ ದಾರಿ, ತಲುಪುವ ಮನೆಯ ವಿಳಾಸ, ಆ ಮನೆಯವರ ಫೋನ್ ನಂಬರು ಮೂರನ್ನೂ ಒಂದೇ ಸಂದೇಶದಲ್ಲಿ ಕಳಿಸಿ. ಇಲ್ಲಿ ಟವರ್ ಬಿದ್ದರೆ ಅಲ್ಲಿ ಅವರು ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ.